ಕೇಳದೆಯೇ ಜಾಮೀನಾದ ಮಾವ

2020ರ ಜೂನ್ ತಿಂಗಳ ಒಂದು ಬೆಳಿಗ್ಗೆ ಆಂಧ್ರದ ಆದೋನಿ ಮಾರ್ಕೆಟ್ ಯಾರ್ಡಿನ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ನನ್ನ ಸೋದರಮಾವನಿಗೆ ಒಂದು ಫೋನ್ ಬಂತು. ಅತ್ತ ಕಡೆಯವನು ಹಿಂದಿಯಲ್ಲಿ ನನ್ನ ಹೆಸರು ಹೇಳಿ, ಈ ಹುಡುಗಿ ಸಾಲ ತೆಗೆದುಕೊಂಡು ತಲೆಮರೆಸಿಕೊಂಡಿದ್ದಾಳೆ, ನೀವು ಕಟ್ಟುತ್ತೀರೋ ಇಲ್ಲ ನಿಮ್ಮೂರಿಗೇ ಬಂದು ಕೇಳಬೇಕೋ ಅಂದನಂತೆ. ಮಾವ ಯಾವ ಕಾಗದಕ್ಕೂ ಸಹಿ ಹಾಕಿರಲಿಲ್ಲ. ನಾನು ಸಾಲ ಮಾಡಿದ್ದೇನೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಹಮಾಲರು, ರೈತರು, ಯಜಮಾನರು ಎಲ್ಲರೂ ಇದ್ದರು. ಹತ್ತು ಜನರ ಮುಂದೆ ಅವರು ಫೋನ್ ಹಿಡಿದುಕೊಂಡು ಬರೀ ‘ಹ್ಞಾಂ, ಹ್ಞಾಂ’ ಅನ್ನುತ್ತಾ ನಿಂತಿದ್ದರಂತೆ.

ಆ ಸಂಜೆಯೇ ಮಾವ ಬೈಕ್ ಹತ್ತಿ ಕೌತಾಳಂ ಕಡೆಯ ನಮ್ಮೂರಿಗೆ ಬಂದರು. ಲಾಕ್‌ಡೌನ್ ಶುರುವಾದಾಗಲೇ ಬೆಂಗಳೂರಿನ ಹಾಸ್ಟೆಲ್ ಖಾಲಿ ಮಾಡಿಸಿದ್ದರಿಂದ ನಾನು ಮನೆಯಲ್ಲೇ ಇದ್ದೆ. ಅವರು ನನ್ನನ್ನು ಬೈಯಲಿಲ್ಲ. ಅವ್ವನ ಮುಂದೆ ಕೂತು, ‘ಎಷ್ಟು ಬೇಕಾಗಿತ್ತವ್ವಾ ನಿನಗೆ?’ ಅಂದರು. ಅರವತ್ತು ಸಾವಿರ ಅಂದೆ. ಅವ್ವ ಬಹಳ ಹೊತ್ತು ಸುಮ್ಮನಿದ್ದು, ‘ಬಾಯಿಬಿಟ್ಟು ಕೇಳಿದ್ದರೆ ಕೊರಳಾಗಿಂದು ಬಿಚ್ಚಿ ಕೊಡ್ತಿರಲಿಲ್ಲೇನು?’ ಅಂದಳು. ಈ ಅಂಕಣದಲ್ಲಿ ನಾನು ಹೇಳುವ ಲೆಕ್ಕವೆಲ್ಲ ಆ ಒಂದು ಪ್ರಶ್ನೆಯಿಂದ ಶುರುವಾದದ್ದು.

ಬಳ್ಳಾರಿಯಲ್ಲಿ ಡಿಗ್ರಿ ಮುಗಿಸಿ 2018ರಲ್ಲಿ ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಎಂಬಿಎಗೆ ಸೇರಿದ್ದೆ. ಮೊದಲ ವರ್ಷದ ಫೀ ಅಪ್ಪ ಹತ್ತಿ ಮಾರಿ ಕಟ್ಟಿದರು. ಎರಡನೇ ವರ್ಷದ ಹೊತ್ತಿಗೆ ಹಾಸ್ಟೆಲ್ ಬಾಕಿ, ಲ್ಯಾಪ್‌ಟಾಪ್, ಪ್ರಾಜೆಕ್ಟ್ ಖರ್ಚು ಸೇರಿ ಅರವತ್ತು ಸಾವಿರ ಬೇಕಾಯಿತು. 2019ರ ಅಕ್ಟೋಬರ್. ಹತ್ತಿ ಇನ್ನೂ ಗಿಡದಲ್ಲಿತ್ತು. ಬಿಡಿಸುವ ಕೂಲಿಗೇ ಅಪ್ಪ ದಲಾಲಿ ಅಂಗಡಿಯಿಂದ ಮುಂಗಡ ತಂದಿದ್ದು ನನಗೆ ಗೊತ್ತಿತ್ತು. ಅವರನ್ನು ಇನ್ನು ಕೇಳಬಾರದು ಅಂತ ನಾನೇ ತೀರ್ಮಾನಿಸಿದೆ. ಆ ತೀರ್ಮಾನದ ಹಿಂದೆ ಪ್ರೀತಿ ಇತ್ತು, ನಿಜ. ಆದರೆ ದುಬಾರಿಯಾದದ್ದೂ ಅದೇ.

ಬ್ಯಾಂಕಿಗೆ ಹೋಗಲಿಲ್ಲವೇ ಅಂತ ಕೇಳುತ್ತೀರಿ. ಹೋಗಿದ್ದೆ. ಆದೋನಿಯ ಶಾಖೆಯಲ್ಲಿ ‘ಕಾಲೇಜು ಬೆಂಗಳೂರಿನಲ್ಲಿದೆ, ಅಲ್ಲಿಯೇ ಕೇಳಮ್ಮ’ ಅಂದರು. ಬೆಂಗಳೂರಿನ ಶಾಖೆಯಲ್ಲಿ ‘ನಿಮ್ಮ ಕಾಯಂ ವಿಳಾಸ ಆಂಧ್ರದ್ದು, ಊರಿನ ಬ್ರಾಂಚಿಗೇ ಹೋಗಿ’ ಅಂದರು. ಹೊಲದ ದಾಖಲೆಗಳಾದ ಅಡಂಗಲ್, 1ಬಿ, ಜೊತೆಗೆ ಆದಾಯ ಪ್ರಮಾಣಪತ್ರ ಎಲ್ಲ ತೆಲುಗಿನಲ್ಲಿದ್ದವು, ಅವನ್ನು ಅಲ್ಲಿನ ಅಧಿಕಾರಿ ತಿರುವಿ ನೋಡಿ ಹಾಗೇ ವಾಪಸ್ ಕೊಟ್ಟರು. ಹತ್ತನೇ ತರಗತಿಯ ಅಂಕಪಟ್ಟಿಯಲ್ಲಿ ಆಂಧ್ರದ ರೂಢಿಯಂತೆ ಮನೆತನದ ಹೆಸರು ಮೊದಲು ಬಂದು ನನ್ನ ಹೆಸರು ಆಮೇಲಿದೆ, ಆಧಾರ್‌ನಲ್ಲಿ ಬರೀ ಒಂದು ಇನಿಶಿಯಲ್ ಇದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರೂ ಸೇರಿಕೊಂಡಿದೆ. ಮೂರು ಕಾಗದದಲ್ಲಿ ನಾನು ಮೂರು ಮಂದಿ. ಈ ಗೊಂದಲದ ಬೇರು ಹಳೆಯದು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಸೇರಿಸಿದರು. ಮನೆಯಲ್ಲಿ ಕನ್ನಡ ಮಾತಾಡಿ, ಕನ್ನಡ ಮಾಧ್ಯಮದಲ್ಲಿ ಓದಿ, ಕಾಲೇಜಿಗೆ ಕರ್ನಾಟಕಕ್ಕೆ ಹೋಗುವ ನಮ್ಮಂಥ ಮಕ್ಕಳು ಆ ಗೆರೆಯನ್ನು ಇಂದಿಗೂ ಬ್ಯಾಂಕಿನ ಕೌಂಟರ್ ಮುಂದೆ ದಾಟುತ್ತಿದ್ದೇವೆ.

ವಿದ್ಯಾರ್ಥಿಯ ಮನೆ ತಮ್ಮ ಸೇವಾ ವ್ಯಾಪ್ತಿಯಲ್ಲಿಲ್ಲ ಅನ್ನುವ ಕಾರಣಕ್ಕೆ ಶಿಕ್ಷಣ ಸಾಲದ ಅರ್ಜಿಯನ್ನು ತಿರಸ್ಕರಿಸಬಾರದು ಅಂತ ರಿಸರ್ವ್ ಬ್ಯಾಂಕ್ 2012ರಲ್ಲೇ ಎಲ್ಲ ಬ್ಯಾಂಕುಗಳಿಗೆ ತಿಳಿಸಿತ್ತು. ಆ ಸುತ್ತೋಲೆ ಇದೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ‘ಹಾಗಂತ ಬರೆದುಕೊಡಿ ಸಾರ್’ ಅಂತ ಕೇಳುತ್ತಿದ್ದೆ. ಬಾಯಿಮಾತಿನಲ್ಲಿ ಇಲ್ಲ ಅಂದದ್ದು ಎಲ್ಲೂ ದಾಖಲಾಗುವುದಿಲ್ಲ, ಯಾರೂ ಅದಕ್ಕೆ ಉತ್ತರ ಕೊಡಬೇಕಾಗಿಲ್ಲ. ನಾನು ಎರಡು ಸಲ ಅಲೆದು ಸುಸ್ತಾದೆ. ಹಾಸ್ಟೆಲ್ಲಿಗೆ ಬಂದು ಮಲಗಿಕೊಂಡೇ ಫೋನಿನಲ್ಲಿ ಒಂದು ವಾರದಲ್ಲಿ ನಾಲ್ಕು ಕಡೆ ಪರ್ಸನಲ್ ಲೋನಿಗೆ ಅರ್ಜಿ ಹಾಕಿದೆ. ಮೂರು ಕಡೆ ಇಲ್ಲ ಅಂದರು. ಸಂಬಳವಿಲ್ಲ, ಸಿಬಿಲ್ -1, ಅಂದರೆ ಸಾಲದ ಇತಿಹಾಸವೇ ಇಲ್ಲ. ನಾಲ್ಕನೆಯದು ಹತ್ತೇ ನಿಮಿಷದಲ್ಲಿ ಮಂಜೂರಾಯಿತು.

ಮೊದಲ ಮೂವರು ಕೇಳಿದ್ದು ಸರಿಯಾದ ಪ್ರಶ್ನೆಯನ್ನೇ: ನೀನು ಹೇಗೆ ತೀರಿಸುತ್ತೀಯ? ನಾಲ್ಕನೆಯವನು ಆ ಪ್ರಶ್ನೆ ಕೇಳಲೇ ಇಲ್ಲ. ಕೇಳಿದ್ದು ಕಾಂಟ್ಯಾಕ್ಟ್ಸ್ ನೋಡುವ ಅನುಮತಿ. ಒತ್ತಿದೆ. ಅಪ್ಪ, ಅವ್ವ, ಮಾವ, ಹೈಸ್ಕೂಲಿನ ಕನ್ನಡ ಮೇಷ್ಟ್ರು, ಅವ್ವನ ಡ್ವಾಕ್ರಾ ಸ್ವಸಹಾಯ ಗುಂಪಿನ ಲೀಡರ್, ಎಲ್ಲರೂ ಆ ಕ್ಷಣದಲ್ಲಿ ನನ್ನ ಸಾಲಕ್ಕೆ ಅಡವಾದರು. ಸಂಬಳವಿಲ್ಲದ, ಚಿನ್ನ ಇಡದ, ಜಾಮೀನುದಾರರಿಲ್ಲದ ಹುಡುಗಿಗೆ ಯಾರಾದರೂ ಸುಮ್ಮನೆ ಹಣ ಕೊಡುತ್ತಾರೆಯೇ? ಅವರು ನನ್ನ ಮರ್ಯಾದೆಯನ್ನು ಒತ್ತೆ ಇಟ್ಟುಕೊಂಡಿದ್ದರು. ವಿದ್ಯಾರ್ಥಿಗೆ ‘ಸುಲಭವಾಗಿ ಮಂಜೂರಾಗುವ’ ಪರ್ಸನಲ್ ಲೋನ್ ಅನ್ನುವ ಸರಕಿನ ಬಗ್ಗೆ ನನಗೆ ತಾಳ್ಮೆ ಉಳಿದಿಲ್ಲ. ಅದು ವಿದ್ಯಾರ್ಥಿಗೆ ಕೊಟ್ಟ ಸಾಲ ಅಲ್ಲವೇ ಅಲ್ಲ. ಅವಳ ಮನೆಯವರಿಗೆ, ಅವರನ್ನು ಕೇಳದೆ ಕೊಟ್ಟ ಸಾಲ.

ಈಗ ಲೆಕ್ಕಕ್ಕೆ ಬರುತ್ತೇನೆ. ಪೆನ್ನು ಹಿಡಿದೇ ಓದಿ.

ಸಾಲ 60,000. ಹನ್ನೆರಡು ತಿಂಗಳು. ಬಡ್ಡಿ ತಿಂಗಳಿಗೆ ಒಂದೂವರೆ ಪರ್ಸೆಂಟ್, ಫ್ಲ್ಯಾಟ್. ನಮ್ಮೂರಲ್ಲಿ ಬಡ್ಡಿ ಅಂದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಹಾಗಾಗಿ ಒಂದೂವರೆ ಕಂಡ ತಕ್ಷಣ ಊರಿಗಿಂತ ಅಗ್ಗ ಅಂದುಕೊಂಡೆ. ಎಂಬಿಎ ಓದುತ್ತಿದ್ದವಳು ಹಾಗೆ ಅಂದುಕೊಂಡೆ. ತಿಂಗಳಿಗೆ 900ರಂತೆ ವರ್ಷಕ್ಕೆ ಬಡ್ಡಿ 10,800. ಕಂತು 5,900. ಪ್ರೊಸೆಸಿಂಗ್ ಫೀ ಶೇ 3, ಅಂದರೆ 1,800. ಅದರ ಮೇಲೆ ಜಿಎಸ್‌ಟಿ 324. ಖಾತೆಗೆ ಬಿದ್ದದ್ದು 57,876.

ಪ್ರತಿ ಕಂತಿನಲ್ಲೂ ಅಸಲಿನ 5,000 ವಾಪಸ್ ಹೋಗುತ್ತದೆ. ಮೊದಲ ತಿಂಗಳು ನನ್ನ ಹತ್ತಿರ ಇದ್ದ ಅವರ ಹಣ 60,000. ಎರಡನೇ ತಿಂಗಳು 55,000. ಮೂರನೇ ತಿಂಗಳು 50,000. ಹೀಗೆ ಇಳಿದು ಕೊನೆಯ ತಿಂಗಳು ಬರೀ 5,000. ಬಡ್ಡಿ ಮಾತ್ರ ಪ್ರತಿ ತಿಂಗಳೂ ಅದೇ 900. ಕೊನೆಯ ತಿಂಗಳನ್ನೇ ನೋಡಿ: 5,000ಕ್ಕೆ 900. ನೂರಕ್ಕೆ ಹದಿನೆಂಟು ರೂಪಾಯಿ, ಅದೂ ಒಂದೇ ತಿಂಗಳಿಗೆ!

ಹನ್ನೆರಡೂ ತಿಂಗಳ ಅಸಲು ಕೂಡಿಸಿ. 3,90,000 ಬರುತ್ತದೆ. ಹನ್ನೆರಡರಿಂದ ಭಾಗಿಸಿದರೆ 32,500. ಅಂದರೆ ವರ್ಷವಿಡೀ ಸರಾಸರಿ ನಾನು ಬಳಸಿದ್ದು 32,500 ಮಾತ್ರ. ಅದಕ್ಕೆ 10,800 ಬಡ್ಡಿ ಅಂದರೆ ಶೇ 33ರ ಮೇಲಾಯಿತು. ಫೀ, ಜಿಎಸ್‌ಟಿಯನ್ನೂ ಸೇರಿಸಿ ಕಂಪ್ಯೂಟರಿನಲ್ಲಿ ಸರಿಯಾಗಿ ಹಾಕಿದರೆ ಶೇ 39ರ ಹತ್ತಿರ ಹೋಗುತ್ತದೆ. ಹದಿನೆಂಟು ಅಂತ ಓದಿ ಮೂವತ್ತೊಂಬತ್ತಕ್ಕೆ ಬೆರಳು ಒತ್ತಿದ್ದೆ.

ಆ 3,90,000 ಅನ್ನುವ ಅಂಕಿಯನ್ನು ಇಟ್ಟುಕೊಳ್ಳಿ, ಬಹಳ ಉಪಯೋಗಕ್ಕೆ ಬರುತ್ತದೆ. ಊರಿನ ಸಾಹುಕಾರ ನೂರಕ್ಕೆ ಎರಡರಂತೆ ಉಳಿದ ಅಸಲಿನ ಮೇಲೆ ಹಾಕಿದ್ದರೆ ಬಡ್ಡಿ 7,800. ವರ್ಷಕ್ಕೆ ಹನ್ನೊಂದರ ಶಿಕ್ಷಣ ಸಾಲವಾಗಿದ್ದರೆ 3,575. ಹತ್ತರ ಚಿನ್ನದ ಸಾಲವಾಗಿದ್ದರೆ 3,250. ನಾನು ಒಪ್ಪಿಕೊಂಡಿದ್ದು ಫೀ ಸೇರಿ 12,924. ಆ ವರ್ಷ ಉದ್ದ ಎಳೆಯ ಹತ್ತಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 5,550 ಇತ್ತು. ಅಪ್ಪನ ಹೊಲದ ಎರಡೂಕಾಲು ಕ್ವಿಂಟಲಿಗಿಂತ ಹೆಚ್ಚು ಹತ್ತಿಯ ಬೆಲೆ ಬರೀ ಬಡ್ಡಿಗೆ, ಫೀಗೆ ಆಯಿತು. ಸಾಹುಕಾರನ ಹತ್ತಿರ ಹೋಗಿ ಅಂತ ನಾನು ಹೇಳುತ್ತಿಲ್ಲ. ಅವನಿಗಿಂತ ದುಬಾರಿಯಾದದ್ದೊಂದು ಕಾನೂನಿನ ಹೆಸರು ಹೊತ್ತು ನನ್ನ ದಿಂಬಿನ ಪಕ್ಕ ಕೂತಿತ್ತು, ಅಷ್ಟು ಹೇಳಬೇಕು.

ಐದು ಕಂತು ಕಟ್ಟಿದೆ, ಸಂಜೆ ಟ್ಯೂಷನ್ ಹೇಳಿದ ಹಣದಲ್ಲಿ. ಮಾರ್ಚ್ ಕೊನೆಗೆ ಲಾಕ್‌ಡೌನ್ ಬಂತು, ಟ್ಯೂಷನ್ ನಿಂತಿತು. ರಿಸರ್ವ್ ಬ್ಯಾಂಕ್ ಮಾರ್ಚ್ 27ರಂದು ಕಂತು ಮುಂದೂಡಲು ಅವಕಾಶ ಕೊಟ್ಟಾಗ ನಾನೂ ಮೇಲ್ ಬರೆದೆ. ಉತ್ತರ ಬರಲಿಲ್ಲ. ಮೂರು ಕಂತು ಬೌನ್ಸ್ ಆದವು. ಪ್ರತಿ ಬೌನ್ಸಿಗೂ ದಂಡ. ಆಮೇಲೆ ಮಾವನಿಗೆ ಆ ಫೋನ್. ಜುಲೈನಲ್ಲಿ ಅವ್ವ ತನ್ನ ಎರಡೆಳೆ ಸರ ಬ್ಯಾಂಕಿನಲ್ಲಿಟ್ಟು 45,000 ತಂದಳು, ಆ ಸಾಲ ಮುಗಿಸಿದೆವು. ಸರ ಬಿಡಿಸಿಕೊಳ್ಳಲು ನನ್ನ ಮೊದಲ ಕೆಲಸದ ಹದಿನಾಲ್ಕು ತಿಂಗಳು ಹಿಡಿಯಿತು. ಆ ಮೂರು ಬೌನ್ಸ್ ಸಿಬಿಲ್ ವರದಿಯಲ್ಲಿ ಉಳಿದವು. 2022ರಲ್ಲಿ ಸ್ಕೂಟರ್ ಸಾಲಕ್ಕೆ ಹೋದಾಗ ಅವನ್ನೇ ತೋರಿಸಿ ಇಲ್ಲ ಅಂದರು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಡಿಜಿಟಲ್ ಸಾಲದ ನಿಯಮ ತಂದಿತು. ಆ್ಯಪ್‌ಗಳು ಕಾಂಟ್ಯಾಕ್ಟ್ಸ್, ಫೋಟೊ, ಕಾಲ್ ಲಾಗ್ ಮುಟ್ಟುವಂತಿಲ್ಲ. ಸಾಲಕ್ಕೆ ಮೊದಲೇ ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ಮುಖ್ಯಾಂಶ ಪತ್ರದಲ್ಲಿ ಕೊಡಬೇಕು. ಬೇಡವೆನಿಸಿದರೆ ಹಿಂತಿರುಗಿಸಲು ಒಂದಿಷ್ಟು ದಿನದ ಅವಕಾಶ ಇರಬೇಕು. ನನಗೆ ಇದು ಮೂರು ವರ್ಷ ತಡವಾಗಿ ಬಂತು. ಈಗ ಸಾಲ ಮಾಡುವವರು ಆ ಪತ್ರದಲ್ಲಿ ಒಂದೇ ಒಂದು ಅಂಕಿ ಹುಡುಕಲಿ: ಎಪಿಆರ್, ಅಂದರೆ ಆ ವಾರ್ಷಿಕ ದರ. ಕಂತು ಎಷ್ಟು ಅಂತ ಆಮೇಲೆ ನೋಡಿದರಾಯಿತು. ಕಾಂಟ್ಯಾಕ್ಟ್ಸ್ ಕೇಳುವ ಆ್ಯಪ್ ಇದ್ದರೆ ಆ ಕ್ಷಣವೇ ತೆಗೆದುಹಾಕಿ.

ಅಂಕಿಗಿಂತ ದೊಡ್ಡದು ಅಭ್ಯಾಸ. ಅಪ್ಪ ಓದಿದ್ದು ಐದನೇ ತರಗತಿ. ಆದರೆ ದಲಾಲಿ ಅಂಗಡಿಯ ಪ್ರತಿ ಮುಂಗಡ, ಪ್ರತಿ ತೂಕ, ಪ್ರತಿ ಕಡಿತ ಅವರ ನೋಟುಪುಸ್ತಕದಲ್ಲಿ ತಾರೀಖಿನ ಸಮೇತ ಇದೆ. ಅವ್ವನ ಗುಂಪಿನಲ್ಲಿ ಯಾರು ಎಷ್ಟು ತೆಗೆದುಕೊಂಡರು ಅಂತ ಹತ್ತು ಹೆಂಗಸರ ಮುಂದೆ ಓದಿ ಹೇಳುತ್ತಾರೆ. ಅಲ್ಲಿ ಸಾಲ ಬಚ್ಚಿಡುವುದಕ್ಕೇ ಆಗುವುದಿಲ್ಲ. ನನ್ನ ತಲೆಮಾರು ಬಾಗಿಲು ಹಾಕಿಕೊಂಡು ಸಾಲ ಮಾಡುತ್ತದೆ. ಮನೆಯವರಿಗೆ ಹೇಳಲಾಗದ ಸಾಲವನ್ನು ವಿದ್ಯಾರ್ಥಿ ಮಾಡಬಾರದು. ಇದನ್ನು ಹಿರಿಯರಂತೆ ಹೇಳುತ್ತಿದ್ದೇನೆ ಅನಿಸಿದರೂ ಚಿಂತೆಯಿಲ್ಲ, ಹೇಳಿಯೇ ಹೇಳುತ್ತೇನೆ. ಅಪ್ಪ ಅಮ್ಮಂದಿರಿಗೂ ಒಂದು ಮಾತು. ಮಕ್ಕಳ ಮುಂದೆ ಕಷ್ಟ ಆಡಿಕೊಳ್ಳುವಾಗ, ಏನು ಅಡ ಇಡಬಹುದು, ಎಷ್ಟು ಸಿಗುತ್ತದೆ ಅನ್ನುವುದನ್ನೂ ಹೇಳಿ. ನಾನು ಬರೀ ಕಷ್ಟ ಕೇಳಿಸಿಕೊಂಡು ಬೆಳೆದೆ. ಮನೆಯಲ್ಲಿ ಸರ ಇರುವುದು ನೆನಪಿಗೇ ಬರಲಿಲ್ಲ.

ಈ ವರ್ಷ ಮಾವನ ಮಗಳಿಗೆ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಹೋದ ತಿಂಗಳು ಫೋನ್ ಮಾಡಿ, ‘ಅಕ್ಕಾ, ಸ್ಟೂಡೆಂಟಿಗೆ ಪರ್ಸನಲ್ ಲೋನ್ ಬೇಗ ಅಪ್ರೂವ್ ಆಗಬೇಕಂದ್ರೆ ಏನ್ ಮಾಡಬೇಕು?’ ಅಂದಳು. ನನ್ನ ಎದೆ ಧಸಕ್ಕಂತು. ಅಪ್ಪನಿಗೆ ಹೇಳಿದ್ದೀಯಾ ಅಂದೆ. ಇಲ್ಲ ಅಂದಳು. ಮುಂದಿನ ಬಸ್ ಹತ್ತಿ ಆದೋನಿಗೆ ಹೋದೆ.

ಮೊದಲು ಶಿಕ್ಷಣ ಸಾಲದ ದಾರಿಗಳನ್ನು ನೋಡಿದೆವು. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಲ್ಲಿ ಅಡಮಾನವೂ ಬೇಡ, ಜಾಮೀನೂ ಬೇಡ. ಆದರೆ ಅದು ಆಯ್ದ ಸಂಸ್ಥೆಗಳಿಗೆ ಮಾತ್ರ, ಅವಳ ಕಾಲೇಜು ಆ ಪಟ್ಟಿಯಲ್ಲಿಲ್ಲ. ಉಳಿದದ್ದು ಹಳೆಯ ದಾರಿ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದಲ್ಲಿ 4 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ, ತಂದೆ ಅಥವಾ ತಾಯಿ ಜಂಟಿ ಸಾಲಗಾರರಾದರೆ ಸಾಕು. ಹಾಸ್ಟೆಲ್, ಪುಸ್ತಕ, ಲ್ಯಾಪ್‌ಟಾಪ್ ಎಲ್ಲವೂ ಅದರಲ್ಲೇ ಸೇರುತ್ತವೆ. ನನ್ನ ಅರವತ್ತು ಸಾವಿರದ ಪ್ರತಿ ಬಾಬ್ತೂ ಅದರಲ್ಲಿ ಸೇರುತ್ತಿತ್ತು. ಕಂತು ಶುರುವಾಗುವುದು ಓದು ಮುಗಿದ ಮೇಲೆ.

ಮೂವರೂ ಕೂತು ಕಾಗದ ಜೋಡಿಸಿದೆವು. ಮಾವ ಆದಾಯ ಪ್ರಮಾಣಪತ್ರಕ್ಕೆ ವಾರ್ಡ್ ಸಚಿವಾಲಯದಲ್ಲಿ ಅರ್ಜಿ ಕೊಟ್ಟು ಬಂದರು. ಅವಳ ಹೆಸರೂ ಅಂಕಪಟ್ಟಿಯಲ್ಲೊಂದು, ಆಧಾರ್‌ನಲ್ಲೊಂದು ಥರ ಇದೆ, ಅದರ ತಿದ್ದುಪಡಿಗೆ ಹಾಕಿದ್ದೇವೆ. ಬ್ಯಾಂಕಿನಲ್ಲಿ ಮ್ಯಾನೇಜರ್ ಮೊದಲ ಮಾತಿಗೆ ‘ಕಾಲೇಜು ಕರ್ನಾಟಕದಲ್ಲಿದೆಯಲ್ಲಾ’ ಅಂದರು. ನಾನು 2012ರ ಸುತ್ತೋಲೆಯ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಅವರು ಓದಿದರು, ಅರ್ಜಿ ತೆಗೆದುಕೊಂಡರು, ತಾರೀಖು ಹಾಕಿ ಸ್ವೀಕೃತಿ ಕೊಟ್ಟರು. ಮಾವ ಆ ಚೀಟಿಯನ್ನು ಮಡಿಸಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರು. ಸಾಲ ಇನ್ನೂ ಮಂಜೂರಾಗಿಲ್ಲ. ಜಂಟಿ ಸಾಲಗಾರರ ಜಾಗದಲ್ಲಿ ಈ ಸಲ ಮಾವನದೇ ಸಹಿ ಇದೆ, ಕನ್ನಡದಲ್ಲಿ. ಮಂಗಳವಾರ ಮತ್ತೆ ಹೋಗುತ್ತೇವೆ.