ಪಾಸ್‌ವರ್ಡ್ ಕೇಳದೆ ಬಾಗಿಲು ತೆರೆಯಿರಿ: ನಿಮ್ಮ ಜಾಲತಾಣಕ್ಕೆ ಗೂಗಲ್, ಫೇಸ್‌ಬುಕ್ ಲಾಗಿನ್

ನಿಮ್ಮ ತಾಣದಲ್ಲಿ ಕಥೆಯೊಂದನ್ನು ಓದಿ ಮೆಚ್ಚಿದವರು ನಾಲ್ಕು ಸಾಲು ಬರೆಯಲು ಹೊರಡುತ್ತಾರೆ. ಅಷ್ಟರಲ್ಲಿ ಹೆಸರು ಕೊಡಿ, ಇಮೇಲ್ ಕೊಡಿ, ಪಾಸ್‌ವರ್ಡ್ ಸೃಷ್ಟಿಸಿ, ಅದರಲ್ಲೊಂದು ಅಂಕಿ ಇರಲಿ, ಒಂದು ಚಿಹ್ನೆ ಇರಲಿ ಎಂದು ಅರ್ಜಿ ಎದುರಾಗುತ್ತದೆ. ಹೇಳಬೇಕೆಂದಿದ್ದ ಮಾತು ಅಲ್ಲೇ ಉಳಿದುಬಿಡುತ್ತದೆ. ಇಂಥ ಓದುಗರನ್ನು ಉಳಿಸಿಕೊಳ್ಳಲು 'ಗೂಗಲ್ ಮೂಲಕ ಮುಂದುವರಿಯಿರಿ' ಎಂಬ ಒಂದು ಬಟನ್ ಸಾಕು. ವರ್ಡ್‌ಪ್ರೆಸ್ ತಾಣ ನಡೆಸುವವರು ಕೋಡ್ ಬರೆಯದೆಯೇ ಅದನ್ನು ಜೋಡಿಸಿಕೊಳ್ಳಬಹುದು.

ಇದು ನಡೆಯುವ ಬಗೆ

ಊರಿಗೆ ಹೊಸಬರು ಬಂದಾಗ ನಂಬಿಕಸ್ಥರೊಬ್ಬರು 'ಇವರು ನನಗೆ ಗೊತ್ತು' ಎಂದು ಪರಿಚಯಿಸುತ್ತಾರಲ್ಲ, ಇಲ್ಲಿ ಗೂಗಲ್ ಮಾಡುವುದೂ ಅದನ್ನೇ. ಓದುಗರು ಪಾಸ್‌ವರ್ಡ್ ಕೊಡುವುದು ಗೂಗಲ್‌ನ ಪುಟದಲ್ಲಿ. ಅದು ನಿಮ್ಮ ತಾಣಕ್ಕೆ ಬರುವುದೇ ಇಲ್ಲ. ನಿಮಗೆ ಸಿಗುವುದು ಹೆಸರು, ಇಮೇಲ್, ಚಿತ್ರ ಮತ್ತು ಒಂದು ಗುರುತಿನ ಸಂಖ್ಯೆ ಮಾತ್ರ. ಈ ಏರ್ಪಾಟಿನ ಬೆನ್ನೆಲುಬು 2012ರಲ್ಲಿ ರೂಪುಗೊಂಡ ಓಆತ್ 2.0 ಮತ್ತು ಅದರ ಮೇಲೆ 2014ರಲ್ಲಿ ಬಂದ ಓಪನ್‌ಐಡಿ ಕನೆಕ್ಟ್ ಎಂಬ ಮಾನಕಗಳು.

ಮೊದಲ ಸಿದ್ಧತೆ

ತಾಣದ ವಿಳಾಸ ಎಚ್‌ಟಿಟಿಪಿಎಸ್‌ನಿಂದ ಶುರುವಾಗಬೇಕು. ಇಲ್ಲದಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಪ್ರಮಾಣಪತ್ರವನ್ನು ಹಾಕಿಸಿಕೊಳ್ಳಿ. ಯಾವ ಮಾಹಿತಿಯನ್ನು ಏಕೆ ಪಡೆಯುತ್ತೀರಿ ಎಂದು ತಿಳಿಸುವ ಗೋಪ್ಯತಾ ನೀತಿಯ ಪುಟ ಸಿದ್ಧವಿರಲಿ. ತಾಣದ ಬ್ಯಾಕಪ್ ತೆಗೆದಿಟ್ಟುಕೊಂಡೇ ಕೆಲಸಕ್ಕೆ ಇಳಿಯಿರಿ.

ಹಂತ 1: ಪ್ಲಗಿನ್ ಹಾಕಿಕೊಳ್ಳಿ

ವರ್ಡ್‌ಪ್ರೆಸ್‌ನ 'ಪ್ಲಗಿನ್ಸ್' ವಿಭಾಗದಲ್ಲಿ 'ನೆಕ್ಸ್ಟೆಂಡ್ ಸೋಷಿಯಲ್ ಲಾಗಿನ್' ಹುಡುಕಿ, ಇನ್‌ಸ್ಟಾಲ್ ಮಾಡಿ, ಆ್ಯಕ್ಟಿವೇಟ್ ಮಾಡಿ. ಗೂಗಲ್, ಫೇಸ್‌ಬುಕ್ ಎರಡಕ್ಕೂ ಇದರ ಉಚಿತ ಆವೃತ್ತಿ ಸಾಕು. ಬಳಿಕ 'ಸೆಟ್ಟಿಂಗ್ಸ್'ನ 'ಜನರಲ್' ಪುಟದಲ್ಲಿ ಹೊಸ ಸದಸ್ಯರ ಪಾತ್ರ 'ಸಬ್‌ಸ್ಕ್ರೈಬರ್' ಎಂದೇ ಇದೆಯೇ ನೋಡಿ. ಇಲ್ಲಿ ತಪ್ಪಿದರೆ ಹೊಸದಾಗಿ ಬಂದವರ ಕೈಗೆ ಸಂಪಾದಕರ ಅಧಿಕಾರ ಹೋಗಿಬಿಡಬಹುದು.

ಹಂತ 2: ಗೂಗಲ್‌ನಲ್ಲಿ ನೋಂದಾಯಿಸಿ

ಗೂಗಲ್ ಕ್ಲೌಡ್ ಕನ್ಸೋಲ್‌ಗೆ ಹೋಗಿ ಹೊಸ ಪ್ರಾಜೆಕ್ಟ್ ಸೃಷ್ಟಿಸಿ. ಒಪ್ಪಿಗೆ ಪರದೆಯ ಭಾಗದಲ್ಲಿ ತಾಣದ ಹೆಸರು, ನಿಮ್ಮ ಇಮೇಲ್, ಗೋಪ್ಯತಾ ಪುಟದ ವಿಳಾಸ ತುಂಬಿ. ಬಳಕೆದಾರರ ಬಗೆ ಕೇಳಿದಾಗ 'ಎಕ್ಸ್‌ಟರ್ನಲ್' ಆರಿಸಿ. ಓದುಗರು ಲಾಗಿನ್ ಆಗುವಾಗ ನೋಡುವುದು ಇದೇ ಪರದೆಯನ್ನು. ಅಲ್ಲಿ ಪರಿಚಿತ ಹೆಸರು ಕಂಡರೆ ಅವರಿಗೆ ಧೈರ್ಯ.

ಹಂತ 3: ಐಡಿ ಮತ್ತು ಸೀಕ್ರೆಟ್ ಪಡೆಯಿರಿ

'ಕ್ಲೈಂಟ್ಸ್' ಭಾಗದಲ್ಲಿ 'ವೆಬ್ ಅಪ್ಲಿಕೇಶನ್' ಆರಿಸಿ. ಅಲ್ಲಿ ರಿಡೈರೆಕ್ಟ್ ವಿಳಾಸ ಕೇಳುತ್ತದೆ, ಅಂದರೆ ಪರಿಚಯ ಮುಗಿದ ಮೇಲೆ ಓದುಗರನ್ನು ಎಲ್ಲಿಗೆ ಕಳಿಸಬೇಕು ಎಂಬುದು. ಪ್ಲಗಿನ್‌ನ ಗೂಗಲ್ ಪುಟದಲ್ಲಿ ಈ ವಿಳಾಸ ಸಿಗುತ್ತದೆ. ಅದನ್ನು ಕೈಯಾರೆ ಟೈಪ್ ಮಾಡದೆ ನಕಲಿಸಿ ಅಂಟಿಸಿ. ಆಮೇಲೆ ಸಿಗುವ ಕ್ಲೈಂಟ್ ಐಡಿ, ಕ್ಲೈಂಟ್ ಸೀಕ್ರೆಟ್ ಎರಡನ್ನೂ ಆಗಲೇ ಜೋಪಾನವಾಗಿ ಎತ್ತಿಟ್ಟುಕೊಳ್ಳಿ. ಸೀಕ್ರೆಟ್ ನಿಮ್ಮ ತಾಣದ ಬೀಗದ ಕೈ. ವಾಟ್ಸ್‌ಆ್ಯಪ್ ಗುಂಪಿಗಾಗಲಿ ಸ್ಕ್ರೀನ್‌ಶಾಟ್‌ಗಾಗಲಿ ಅದು ಹೋಗಬಾರದು.

ಹಂತ 4: ಜೋಡಿಸಿ, ಪರೀಕ್ಷಿಸಿ

ಕ್ಲೈಂಟ್ ಐಡಿ, ಸೀಕ್ರೆಟ್ ಎರಡನ್ನೂ ಪ್ಲಗಿನ್‌ನ ಗೂಗಲ್ ಪುಟದಲ್ಲಿ ತುಂಬಿ ಸೇವ್ ಮಾಡಿ. 'ವೆರಿಫೈ' ಒತ್ತಿ, ಸರಿಯಾದರೆ 'ಎನೇಬಲ್' ಮಾಡಿ. ಗೂಗಲ್ ಕನ್ಸೋಲ್‌ನಲ್ಲಿ ನಿಮ್ಮ ಆ್ಯಪ್ 'ಟೆಸ್ಟಿಂಗ್' ಸ್ಥಿತಿಯಲ್ಲಿದ್ದರೆ ನೀವು ಪಟ್ಟಿಗೆ ಸೇರಿಸಿದವರು, ಹೆಚ್ಚೆಂದರೆ 100 ಮಂದಿ, ಮಾತ್ರ ಒಳಬರಬಲ್ಲರು. ಎಲ್ಲರಿಗೂ ತೆರೆಯಲು 'ಪಬ್ಲಿಷ್' ಮಾಡುವುದನ್ನು ಮರೆಯಬೇಡಿ.

ಹಂತ 5: ಫೇಸ್‌ಬುಕ್ ಸೇರಿಸಿ

ಮೆಟಾದ ಡೆವಲಪರ್ ತಾಣದಲ್ಲಿ ಹೊಸ ಆ್ಯಪ್ ಸೃಷ್ಟಿಸಿ, 'ಫೇಸ್‌ಬುಕ್ ಲಾಗಿನ್' ಆರಿಸಿ. ಉಳಿದದ್ದು ಗೂಗಲ್‌ನಂತೆಯೇ: ರಿಡೈರೆಕ್ಟ್ ವಿಳಾಸ, ಆ್ಯಪ್ ಐಡಿ, ಆ್ಯಪ್ ಸೀಕ್ರೆಟ್. ಇದರ ಜೊತೆಗೆ ಬಳಕೆದಾರರು ತಮ್ಮ ಮಾಹಿತಿಯನ್ನು ಅಳಿಸಿಕೊಳ್ಳುವ ವಿಧಾನವನ್ನು ತಿಳಿಸುವ ಪುಟದ ವಿಳಾಸವನ್ನೂ ಫೇಸ್‌ಬುಕ್ ಕೇಳುತ್ತದೆ. ಕೊನೆಯಲ್ಲಿ ಆ್ಯಪ್ ಅನ್ನು 'ಲೈವ್' ಸ್ಥಿತಿಗೆ ತನ್ನಿ. ಒಂದು ವಿಷಯ ಗಮನದಲ್ಲಿರಲಿ: ಮೊಬೈಲ್ ಸಂಖ್ಯೆಯಿಂದ ಖಾತೆ ತೆರೆದವರ ಇಮೇಲ್ ನಿಮಗೆ ಬಾರದಿರಬಹುದು.

ಎಡವುವ ಜಾಗಗಳು

'ರಿಡೈರೆಕ್ಟ್ ಯುಆರ್‌ಐ ಮಿಸ್‌ಮ್ಯಾಚ್' ಎಂದು ಬಂದರೆ ಎರಡೂ ಕಡೆಯ ವಿಳಾಸ ಅಕ್ಷರಶಃ ಒಂದೇ ಇದೆಯೇ ನೋಡಿ. 'ಡಬ್ಲ್ಯುಡಬ್ಲ್ಯುಡಬ್ಲ್ಯು' ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲದಿದ್ದರೂ, ಕೊನೆಯ ಓರೆಗೆರೆ ಒಂದು ಹೆಚ್ಚಾದರೂ ಗೂಗಲ್ ಒಪ್ಪುವುದಿಲ್ಲ. ಫೇಸ್‌ಬುಕ್ ಆ್ಯಪ್‌ನ ಒಳಗೇ ನಿಮ್ಮ ಕೊಂಡಿ ತೆರೆದವರಿಗೆ ಗೂಗಲ್ ಲಾಗಿನ್ ತಡೆಯೊಡ್ಡಬಹುದು. 'ಕ್ರೋಮ್‌ನಲ್ಲಿ ತೆರೆಯಿರಿ' ಎಂಬ ಸೂಚನೆಯನ್ನು ಬಟನ್ ಪಕ್ಕದಲ್ಲೇ ಹಾಕಿ.

ಬೇಕಾದಷ್ಟನ್ನೇ ಕೇಳಿ

ಬಟನ್ ಜೋಡಿಸುವುದು ಒಂದು ಮಧ್ಯಾಹ್ನದ ಕೆಲಸ. ಓದುಗರ ವಿಶ್ವಾಸ ಕಾಯುವುದು ಪ್ರತಿದಿನದ ಕೆಲಸ. ಹೆಸರು, ಇಮೇಲ್ ಸಾಕಾಗುವ ಕಡೆ ಅವರ ಸ್ನೇಹಿತರ ಪಟ್ಟಿ, ಹುಟ್ಟಿದ ದಿನ ನಿಮಗೆ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾಹಿತಿ ಪಡೆಯುವಾಗ ಕೊಡುವ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ ಓದುವ ಆಯ್ಕೆ ಜನರಿಗಿರಬೇಕು. ಆ ಪಟ್ಟಿಯಲ್ಲಿ ಕನ್ನಡವೂ ಇದೆ. ಕನ್ನಡ ತಾಣದ ಗೋಪ್ಯತಾ ಪುಟ ಕನ್ನಡದಲ್ಲೇ ಇರಲಿ, ಅಜ್ಜಿಗೂ ಅರ್ಥವಾಗುವಷ್ಟು ಸರಳವಾಗಿರಲಿ. ಮಕ್ಕಳ ತಾಣವಾದರೆ ಇನ್ನೂ ಎಚ್ಚರ ಬೇಕು: 18 ತುಂಬದವರ ಮಾಹಿತಿಗೆ ಪೋಷಕರ ಒಪ್ಪಿಗೆ ಪಡೆಯಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಇಮೇಲ್ ಮತ್ತು ಪಾಸ್‌ವರ್ಡ್‌ನ ಹಳೆಯ ದಾರಿಯನ್ನು ಮುಚ್ಚಬೇಡಿ. ಓದುಗರ ಗೂಗಲ್ ಖಾತೆ ಕೈತಪ್ಪಿದ ದಿನ ಅವರಿಗೆ ಅದೇ ದಾರಿಯಾಗಬಹುದು. ನಿಮ್ಮ ನಿರ್ವಾಹಕ ಖಾತೆಗಂತೂ ಪ್ರತ್ಯೇಕ ಪಾಸ್‌ವರ್ಡ್ ಮತ್ತು ಎರಡು ಹಂತದ ಪರಿಶೀಲನೆ ಇರಲೇಬೇಕು.

ಯಾರಾದರೂ 'ನನ್ನ ಖಾತೆ ತೆಗೆದುಬಿಡಿ' ಎಂದರೆ ತಡಮಾಡಬೇಡಿ. ವರ್ಡ್‌ಪ್ರೆಸ್‌ನ 'ಟೂಲ್ಸ್'ನಲ್ಲಿ 'ಇರೇಸ್ ಪರ್ಸನಲ್ ಡೇಟಾ' ಇದೆ. ಅದರ ಜೊತೆಗೆ ಖಾತೆಯನ್ನೂ 'ಯೂಸರ್ಸ್' ಪಟ್ಟಿಯಿಂದ ಪ್ರತ್ಯೇಕವಾಗಿ ಅಳಿಸಬೇಕು. ಎಲ್ಲ ಮುಗಿದ ಮೇಲೆ ಮನೆಯ ಹಿರಿಯರೊಬ್ಬರ ಫೋನಿನಲ್ಲಿ ಒಮ್ಮೆ ಲಾಗಿನ್ ಮಾಡಿಸಿ, ಹಾಗೆಯೇ ಖಾತೆ ಅಳಿಸುವಂತೆ ನಿಮಗೊಂದು ಮನವಿ ಕಳಿಸಲು ಅವರಿಗೇ ಹೇಳಿ. ಯಾರ ಸಹಾಯವೂ ಇಲ್ಲದೆ ಅವರಿಗೆ ಎರಡೂ ಸಾಧ್ಯವಾದರೆ ನಿಮ್ಮ ಕೆಲಸ ಸರಿಯಾಗಿದೆ.