ಜರ್ಮನಿಗೆ ಓದಲು ಹೊರಟ ಮಗಳಿಗೆ ಯಾವ ಆರೋಗ್ಯ ವಿಮೆ?

ಪ್ರಶ್ನೆ: ನನ್ನ ಮಗಳು ಬಿ.ಇ. ಮುಗಿಸಿ, ಎಂ.ಎಸ್. ಓದಲು ಅಕ್ಟೋಬರ್‌ಗೆ ಜರ್ಮನಿಯ ಆಖೆನ್‌ಗೆ ಹೊರಟಿದ್ದಾಳೆ. ವಯಸ್ಸು 24. ಚಿಕ್ಕಂದಿನಿಂದ ಉಬ್ಬಸವಿದೆ, ಇನ್‌ಹೇಲರ್ ಬಿಡುವಂತಿಲ್ಲ. ಅಲ್ಲಿನ ಸಾರ್ವಜನಿಕ ವಿಮೆಗೆ ತಿಂಗಳಿಗೆ 140 ಯೂರೋ ದಾಟುತ್ತದಂತೆ. ಕನ್ಸಲ್ಟೆನ್ಸಿಯವರು ‘ಅಷ್ಟೆಲ್ಲ ಯಾಕೆ ಸರ್, 40 ಯೂರೋ ಒಳಗೆ ಖಾಸಗಿ ಪಾಲಿಸಿ ಸಿಗುತ್ತೆ, ವೀಸಾಗೂ ನಡೆಯುತ್ತೆ’ ಎನ್ನುತ್ತಿದ್ದಾರೆ. ಯಾವುದು ಸರಿ? ಅಲ್ಲಿ ಜ್ವರ ಬಂದರೆ, ಉಬ್ಬಸ ಜಾಸ್ತಿಯಾದರೆ ಅವಳು ಎಲ್ಲಿಗೆ ಹೋಗಬೇಕು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಸಾರ್ವಜನಿಕ ವಿಮೆಯನ್ನೇ ಮಾಡಿಸಿ. ಉಬ್ಬಸವಿರುವ ಮಗಳ ವಿಷಯದಲ್ಲಿ ಇದಕ್ಕೆ ಎರಡು ಮಾತಿಲ್ಲ. ತಿಂಗಳಿಗೆ ನೂರು ಯೂರೋ ಎಂದರೆ ಸಾಲ ಮಾಡಿ ಮಗಳನ್ನು ಓದಿಸುವ ಮನೆಗೆ ಸಣ್ಣ ದುಡ್ಡಲ್ಲ, ಅದು ನನಗೂ ಗೊತ್ತು. ಆದರೆ ಆ ನೂರು ಯೂರೋ ಯಾವ ಬಾಬತ್ತಿನಲ್ಲಿ ಉಳಿಯುತ್ತಿದೆ ಎಂದು ನೋಡಿದಾಗ ನಿಮಗೇ ಉತ್ತರ ಸಿಗುತ್ತದೆ.

ಮೊದಲು ಸಾರ್ವಜನಿಕ ವಿಮೆಯ ಲೆಕ್ಕ ನೋಡೋಣ. ಜರ್ಮನಿಯಲ್ಲಿ ಕಡ್ಡಾಯ ಆರೋಗ್ಯ ವಿಮೆಯ ಕಾನೂನು ಬಂದದ್ದು 1883ರಲ್ಲಿ, ಬಿಸ್ಮಾರ್ಕ್ ಕಾಲದಲ್ಲಿ. ಮೊದಲು ಕಾರ್ಖಾನೆಯ ಕೆಲಸಗಾರರಿಗಿದ್ದ ಈ ವ್ಯವಸ್ಥೆಗೆ 1975ರಲ್ಲಿ ವಿದ್ಯಾರ್ಥಿಗಳನ್ನೂ ಸೇರಿಸಿದರು. ಇದನ್ನು ನಡೆಸುವ ಸಂಸ್ಥೆಗಳಿಗೆ ಅಲ್ಲಿ ಕ್ರಾಂಕನ್‌ಕಾಸೆ ಎನ್ನುತ್ತಾರೆ. ಟಿಕೆ, ಎಒಕೆ, ಬಾರ್ಮರ್, ಡಿಎಕೆ ಇವೆಲ್ಲ ಅಂಥ ಸಂಸ್ಥೆಗಳು. ಯಾವುದನ್ನೇ ಆರಿಸಿಕೊಂಡರೂ ಸಿಗುವ ಚಿಕಿತ್ಸೆ ಬಹುಪಾಲು ಒಂದೇ, ಏಕೆಂದರೆ ಅದನ್ನು ನಿಗದಿಪಡಿಸುವುದು ಕಾನೂನು. 30 ವರ್ಷದೊಳಗಿನ ವಿದ್ಯಾರ್ಥಿಗೆ ವಿಶೇಷ ದರವಿದೆ. 2025ರ ಲೆಕ್ಕದಲ್ಲಿ ಮೂಲ ಕಂತು 87.38 ಯೂರೋ. 23 ದಾಟಿದ, ಮಕ್ಕಳಿಲ್ಲದವರಿಗೆ ಶುಶ್ರೂಷಾ ವಿಮೆಯ ಕಂತು 35.91 ಯೂರೋ. ಇದರ ಮೇಲೆ ಆಯಾ ಸಂಸ್ಥೆ ಹಾಕುವ ಹೆಚ್ಚುವರಿ ಕಂತು ಇಪ್ಪತ್ತು ಯೂರೋ ಆಸುಪಾಸು. ಎಲ್ಲ ಸೇರಿ 145 ಯೂರೋ ಹತ್ತಿರ ಹೋಗುತ್ತದೆ. ವೀಸಾಕ್ಕಾಗಿ ನೀವು ಬ್ಲಾಕ್ಡ್ ಅಕೌಂಟಿನಲ್ಲಿ ಇಡುವ 11,904 ಯೂರೋದಿಂದ ಅವಳ ಕೈಗೆ ತಿಂಗಳಿಗೆ ಬರುವುದು 992. ಅದರಲ್ಲಿ ಏಳನೇ ಒಂದು ಪಾಲು ವಿಮೆಗೇ ಹೋಗುತ್ತದೆ.

ಈ ದುಡ್ಡಿಗೆ ಸಿಗುವುದೇನು? ಸೇರುವಾಗ ಆರೋಗ್ಯ ತಪಾಸಣೆ ಇಲ್ಲ. ‘ನಿಮಗೆ ಮೊದಲೇ ಕಾಯಿಲೆ ಇತ್ತು’ ಎಂದು ತಿರಸ್ಕರಿಸುವ ಹಾಗಿಲ್ಲ, ಕಂತು ಏರಿಸುವ ಹಾಗೂ ಇಲ್ಲ. ಗಟ್ಟಿಮುಟ್ಟಾಗಿರುವ ಹುಡುಗನೂ ಉಬ್ಬಸವಿರುವ ನಿಮ್ಮ ಮಗಳೂ ಒಂದೇ ಸಂಸ್ಥೆಯಲ್ಲಿದ್ದರೆ ಒಂದೇ ಮೂಲ ಕಂತು, ಒಂದೇ ಚಿಕಿತ್ಸೆ. ಡಾಕ್ಟರ ಭೇಟಿ, ಆಸ್ಪತ್ರೆ, ಶಸ್ತ್ರಚಿಕಿತ್ಸೆ, ಮನೋಚಿಕಿತ್ಸೆ, ಹೆರಿಗೆ, ಶಿಫಾರಸು ಮಾಡಿದ ಲಸಿಕೆಗಳು, ಹಲ್ಲಿನ ಮೂಲ ಚಿಕಿತ್ಸೆ ಎಲ್ಲವೂ ಒಳಗೇ ಇವೆ. ಉಬ್ಬಸದವರಿಗೆ ಪ್ರತ್ಯೇಕ ಕಾರ್ಯಕ್ರಮವೇ ಇದೆ: ಅದಕ್ಕೆ ಹೆಸರು ಬರೆಸಿದರೆ ಡಾಕ್ಟರು ಗೊತ್ತಾದ ಅವಧಿಗೊಮ್ಮೆ ಕರೆಸಿ ಶ್ವಾಸಕೋಶದ ಪರೀಕ್ಷೆ ಮಾಡುತ್ತಾರೆ, ಇನ್‌ಹೇಲರ್ ಸರಿಯಾಗಿ ಎಳೆಯುತ್ತಿದ್ದಾಳೆಯೇ ಎಂದು ನೋಡುತ್ತಾರೆ, ದಮ್ಮು ಕಟ್ಟಿದಾಗ ಏನು ಮಾಡಬೇಕೆಂಬ ತರಬೇತಿ ಕೊಡುತ್ತಾರೆ.

ಇನ್ನು 40 ಯೂರೋ ಒಳಗಿನ ಪಾಲಿಸಿ. ಇಂಥವು ಹೆಚ್ಚಾಗಿ ಪ್ರವಾಸಿ ವಿಮೆಯ ಮಾದರಿಯವು. ಇವುಗಳ ನಿಯಮಗಳಲ್ಲಿ ಮೊದಲು ಹುಡುಕಬೇಕಾದ ಸಾಲು ಮೊದಲೇ ಇದ್ದ ಕಾಯಿಲೆಗಳ ಬಗ್ಗೆ. ಅವುಗಳನ್ನು ಹೊರಗಿಟ್ಟಿದ್ದರೆ ನಿಮ್ಮ ಮಗಳ ಇನ್‌ಹೇಲರ್, ಅವಳ ಶ್ವಾಸಕೋಶದ ಡಾಕ್ಟರು, ಉಬ್ಬಸಕ್ಕಾಗಿ ಆಸ್ಪತ್ರೆ ಸೇರಿದ ರಾತ್ರಿ, ಎಲ್ಲವೂ ನಿಮ್ಮ ಖರ್ಚು. ಅವಳಿಗೆ ಯಾವ ಕಾಯಿಲೆಗಾಗಿ ವಿಮೆ ಬೇಕೋ ಅದೇ ಕಾಯಿಲೆಯನ್ನು ಬಿಟ್ಟ ಪಾಲಿಸಿ ಅಗ್ಗವಾಗಿರುವುದರಲ್ಲಿ ಆಶ್ಚರ್ಯವಿಲ್ಲ. ಮನೋಚಿಕಿತ್ಸೆ, ಹಲ್ಲು, ಹೆರಿಗೆಗಳಿಗೆ ಮಿತಿಯೋ ಕಾಯುವ ಅವಧಿಯೋ ಇದೆಯೇ, ಒಟ್ಟು ಎಷ್ಟು ವರ್ಷ ಮುಂದುವರಿಸಬಹುದು ಎಂಬ ಸಾಲುಗಳನ್ನೂ ಓದಿ. ಖಾಸಗಿ ವಿಮೆಯಲ್ಲಿ ಡಾಕ್ಟರ ಬಿಲ್ಲು ಸಾಮಾನ್ಯವಾಗಿ ರೋಗಿಯ ಹೆಸರಿಗೇ ಬರುತ್ತದೆ. ಅದನ್ನು ಕಟ್ಟಿ, ಆಮೇಲೆ ಕ್ಲೇಮ್ ಮಾಡಿ ಕಾಯುವುದು ವಿದ್ಯಾರ್ಥಿಗೆ ಕಷ್ಟ. ಸಾರ್ವಜನಿಕ ವಿಮೆಯಲ್ಲಿ ಕಾರ್ಡು ತೋರಿಸಿದರೆ ಸಾಕು, ಲೆಕ್ಕ ಡಾಕ್ಟರಿಗೂ ಸಂಸ್ಥೆಗೂ ನಡುವೆಯೇ ಮುಗಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು, ಕನ್ಸಲ್ಟೆನ್ಸಿಯವರು ನಿಮಗೆ ಹೇಳಲೇಬೇಕಿತ್ತು. ಖಾಸಗಿ ವಿಮೆಯಲ್ಲಿ ದಾಖಲಾಗಬೇಕಾದರೆ ಅವಳು ‘ನನಗೆ ಸಾರ್ವಜನಿಕ ವಿಮೆ ಬೇಡ’ ಎಂದು ಬರೆದುಕೊಟ್ಟು ವಿನಾಯಿತಿ ಪಡೆಯಬೇಕು. ಇದನ್ನು ಕೇಳಲು ಮೂರು ತಿಂಗಳ ಗಡುವು. ಒಮ್ಮೆ ವಿನಾಯಿತಿ ಪಡೆದರೆ ಆ ಓದು ಮುಗಿಯುವವರೆಗೂ ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ಎರಡನೇ ಸೆಮಿಸ್ಟರಿನಲ್ಲಿ ಉಬ್ಬಸ ಜೋರಾಗಿ ‘ಅಯ್ಯೋ, ಬದಲಾಯಿಸೋಣ’ ಎಂದರೂ ಬಾಗಿಲು ತೆರೆಯುವುದಿಲ್ಲ. ಓದಿನ ನಂತರವೂ ಇದರ ಬಿಸಿ ತಟ್ಟುತ್ತದೆ. ಪದವಿ ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ವಾಸದ ಪರವಾನಗಿ ಸಿಗುತ್ತದಲ್ಲ, ಸಾರ್ವಜನಿಕ ವಿಮೆಯಲ್ಲಿದ್ದವರು ಆಗ ಸ್ವಂತ ಕಂತು ಕಟ್ಟಿ ಅದರಲ್ಲೇ ಮುಂದುವರಿಯಬಹುದು, ಕಂತು ವಿದ್ಯಾರ್ಥಿ ದರಕ್ಕಿಂತ ಹೆಚ್ಚಿರುತ್ತದೆ. ಖಾಸಗಿಯಲ್ಲಿದ್ದವರು ಸಾಮಾನ್ಯವಾಗಿ ಕೆಲಸ ಸಿಗುವವರೆಗೂ ಹೊರಗೇ ಉಳಿಯಬೇಕು. ವಾಸದ ಪರವಾನಗಿ ನವೀಕರಿಸುವಾಗ ಅಗ್ಗದ ಪಾಲಿಸಿಗಳಿಗೆ ಅಧಿಕಾರಿಗಳು ತಕರಾರು ತೆಗೆಯುವುದೂ ಉಂಟು.

ಎಲ್ಲರಿಗೂ ಈ ಆಯ್ಕೆ ಇಲ್ಲ ಎಂಬುದನ್ನೂ ಹೇಳಬೇಕು. 30 ದಾಟಿದವರು, ಬರೀ ಭಾಷಾ ಕೋರ್ಸಿಗೆ ಅಥವಾ ವಿಶ್ವವಿದ್ಯಾಲಯಕ್ಕೆ ಮುಂಚಿನ ಸಿದ್ಧತಾ ಕೋರ್ಸಿಗೆ ಹೋಗುವವರು ವಿದ್ಯಾರ್ಥಿ ದರದಲ್ಲಿ ಸೇರಲಾಗದು, ಅವರಿಗೆ ಖಾಸಗಿಯೇ ಗತಿ. ಪಿಎಚ್‌.ಡಿ.ಯವರಿಗೂ ವಿದ್ಯಾರ್ಥಿ ದರವಿಲ್ಲ, ಆದರೆ ವಿಶ್ವವಿದ್ಯಾಲಯದಲ್ಲಿ ಉದ್ಯೋಗವಿದ್ದರೆ ಉದ್ಯೋಗಿಯಾಗಿ ಸಾರ್ವಜನಿಕ ವಿಮೆಗೆ ಬರುತ್ತಾರೆ. ಈ ಯಾವ ಗುಂಪಿನಲ್ಲೂ ನಿಮ್ಮ ಮಗಳು ಇಲ್ಲ.

ಸಾರ್ವಜನಿಕ ವಿಮೆ ಎಂದರೆ ಎಲ್ಲವೂ ಪುಕ್ಕಟೆ ಎಂದೂ ತಿಳಿಯಬೇಡಿ. ಡಾಕ್ಟರು ಬರೆದ ಔಷಧಿಗೆ ಬೆಲೆಯ ಹತ್ತನೇ ಒಂದು ಭಾಗ ಕೈಯಿಂದ ಕೊಡಬೇಕು, ಸಾಮಾನ್ಯವಾಗಿ ಕನಿಷ್ಠ 5, ಗರಿಷ್ಠ 10 ಯೂರೋ. ಆಸ್ಪತ್ರೆಯಲ್ಲಿದ್ದರೆ ದಿನಕ್ಕೆ 10 ಯೂರೋ, ಅದೂ ವರ್ಷಕ್ಕೆ 28 ದಿನಗಳವರೆಗೆ ಮಾತ್ರ. ದೀರ್ಘಕಾಲದ ಕಾಯಿಲೆಯವರೆಂದು ಒಪ್ಪಿತವಾದರೆ ಈ ಕೈಖರ್ಚು ವರ್ಷದ ಆದಾಯದ ಶೇ. 1 ದಾಟುವಂತಿಲ್ಲ, ಆದ್ದರಿಂದ ರಸೀದಿಗಳನ್ನು ಎತ್ತಿಡಲು ಹೇಳಿ. ದೊಡ್ಡವರ ಕನ್ನಡಕಕ್ಕೆ ಸಾಮಾನ್ಯವಾಗಿ ಹಣ ಸಿಗದು, ಇಲ್ಲೇ ಒಂದು ಜೊತೆ ಹೆಚ್ಚಿಗೆ ಮಾಡಿಸಿಕೊಡಿ. ರಜೆಗೆ ಊರಿಗೆ ಬಂದಾಗ ಈ ವಿಮೆ ಇಲ್ಲಿ ನಡೆಯುವುದಿಲ್ಲ. ಕಂತು ಬಾಕಿ ಉಳಿಸಿಕೊಂಡರೆ ಮುಂದಿನ ಸೆಮಿಸ್ಟರಿನ ನೋಂದಣಿಗೇ ಕುತ್ತು ಬರಬಹುದು.

ಹಾಗಾದರೆ ಇಲ್ಲಿಂದ ಪಾಲಿಸಿ ಬೇಡವೇ? ಬೇಕು, ಕೆಲವು ವಾರಗಳ ಮಟ್ಟಿಗೆ. ವಿದ್ಯಾರ್ಥಿ ವಿಮೆ ಶುರುವಾಗುವುದು ಸೆಮಿಸ್ಟರಿನೊಂದಿಗೆ, ಅಂದರೆ ಅಕ್ಟೋಬರ್ 1ರಿಂದ. ದಾಖಲಾತಿ ತಡವಾದರೆ ದಾಖಲಾದ ದಿನದಿಂದ. ಸೆಪ್ಟೆಂಬರಿನಲ್ಲೇ ವಿಮಾನ ಹತ್ತಿದರೆ ನಡುವಿನ ದಿನಗಳಿಗೆ ಪ್ರವಾಸಿ ವಿಮೆ ಬೇಕು, ವೀಸಾಕ್ಕೂ ಕೇಳುತ್ತಾರೆ. ಕನ್ಸಲ್ಟೆನ್ಸಿಯವರ ‘ವೀಸಾಗೂ ನಡೆಯುತ್ತೆ’ ಎಂಬ ಮಾತು ನಿಜವಾಗುವುದು ಇಷ್ಟಕ್ಕೆ ಮಾತ್ರ. ವಿಮಾನ ಹತ್ತುವ ಮೊದಲೇ ಸಾರ್ವಜನಿಕ ಸಂಸ್ಥೆಯೊಂದಕ್ಕೆ ಆನ್‌ಲೈನ್ ಅರ್ಜಿ ಹಾಕಬಹುದು. ಅವಳ ವಿಮೆಯ ವಿವರವನ್ನು ಆ ಸಂಸ್ಥೆಯೇ ವಿಶ್ವವಿದ್ಯಾಲಯಕ್ಕೆ ಆನ್‌ಲೈನಿನಲ್ಲಿ ಕಳುಹಿಸುತ್ತದೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ನಮ್ಮೂರಿನಲ್ಲಿ ಮೈ ಬಿಸಿಯಾದರೆ ಕ್ಲಿನಿಕ್‌ಗೆ ಹೋಗಿ ಟೋಕನ್ ತೆಗೆದುಕೊಂಡು ಕೂರುತ್ತೇವೆ, ಎದೆ ಕಟ್ಟಿದರೆ ನೇರ ಶ್ವಾಸಕೋಶದ ಸ್ಪೆಷಲಿಸ್ಟ್ ಬಳಿಗೇ ಹೋಗುತ್ತೇವೆ. ಅಲ್ಲಿ ಸಾಮಾನ್ಯವಾಗಿ ಮೊದಲು ಮನೆಯ ಹತ್ತಿರದ ಫ್ಯಾಮಿಲಿ ಡಾಕ್ಟರು, ಅವರ ಚೀಟಿಯ ಮೇಲೆ ಸ್ಪೆಷಲಿಸ್ಟು. ಸ್ಪೆಷಲಿಸ್ಟರ ಸಮಯ ಸಿಗಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಆಗಬಹುದು. ಹೊಸ ರೋಗಿಗಳನ್ನು ತೆಗೆದುಕೊಳ್ಳದ ಕ್ಲಿನಿಕ್‌ಗಳೂ ಇವೆ. ಅದಕ್ಕೇ ಆರೋಗ್ಯವಾಗಿರುವಾಗಲೇ, ಮೊದಲ ತಿಂಗಳಲ್ಲೇ ಒಬ್ಬ ಫ್ಯಾಮಿಲಿ ಡಾಕ್ಟರನ್ನು ಹುಡುಕಿ, ತನ್ನ ಉಬ್ಬಸದ ವಿಷಯ ತಿಳಿಸಿ, ಹೆಸರು ಬರೆಸಲಿ. ನವೆಂಬರಿನ ಚಳಿ ಶುರುವಾದ ಮೇಲೆ, ಉಸಿರು ಸಿಕ್ಕಿಕೊಂಡಾಗ, ಅರ್ಧಂಬರ್ಧ ಜರ್ಮನ್‌ನಲ್ಲಿ ಫೋನು ಮಾಡಿ ಡಾಕ್ಟರನ್ನು ಹುಡುಕುವ ಪಾಡು ಬರಬಾರದು.

ಡಾಕ್ಟರ ಬಳಿ ಮೂರು ತಿಂಗಳಿಗೊಮ್ಮೆ ಕಾರ್ಡನ್ನು ಯಂತ್ರಕ್ಕೆ ಹಾಕುತ್ತಾರೆ. ಬರೆದ ಔಷಧಿ ಅದೇ ಕಾರ್ಡಿನ ಮೂಲಕ ಔಷಧದಂಗಡಿಯಲ್ಲಿ ಕಾಣುತ್ತದೆ, 2024ರಿಂದ ಕಾಗದದ ಚೀಟಿ ಬಹುಮಟ್ಟಿಗೆ ಹೋಗಿದೆ. ಒಂದು ವಿಷಯಕ್ಕೆ ನೀವಿಬ್ಬರೂ ಸಿದ್ಧರಿರಿ: ಸಾಮಾನ್ಯ ವೈರಲ್ ಜ್ವರಕ್ಕೆ ಅಲ್ಲಿನ ಡಾಕ್ಟರು ಆ್ಯಂಟಿಬಯಾಟಿಕ್ ಬರೆಯುವುದಿಲ್ಲ, ಇಂಜೆಕ್ಷನ್ ಇಲ್ಲ, ಗ್ಲೂಕೋಸ್ ಏರಿಸುವುದಿಲ್ಲ. ಬಿಸಿಯದ್ದು ಕುಡಿದು ಮಲಗು ಎಂದು ಕಳುಹಿಸುತ್ತಾರೆ. ‘ಏನೂ ಕೊಡಲೇ ಇಲ್ಲಪ್ಪ’ ಎಂದು ಮಗಳು ಫೋನಿನಲ್ಲಿ ಹೇಳಿದರೆ ಅದನ್ನು ನಿರ್ಲಕ್ಷ್ಯ ಎಂದುಕೊಳ್ಳಬೇಡಿ. ವೈರಸ್‌ಗೆ ಆ್ಯಂಟಿಬಯಾಟಿಕ್ ನಾಟುವುದಿಲ್ಲ, ಅವರು ಮಾಡುತ್ತಿರುವುದು ಸರಿ.

ಎರಡು ನಂಬರುಗಳನ್ನು ಅವಳ ಫೋನಿನಲ್ಲಿ ಈಗಲೇ ಹಾಕಿಸಿ. ರಾತ್ರಿಯೋ ಭಾನುವಾರವೋ ಜ್ವರ ಏರಿತು, ಬೆಳಗಾಗುವವರೆಗೆ ಕಾಯುವಂತಿಲ್ಲ, ಆದರೆ ಜೀವಕ್ಕೆ ಅಪಾಯವಿಲ್ಲ ಎಂದಾದರೆ 116117. ಆ ಹೊತ್ತಿನಲ್ಲಿ ಇರುವ ಡಾಕ್ಟರ ವಿವರ ಕೊಡುತ್ತಾರೆ. ಇನ್‌ಹೇಲರ್ ಎಳೆದರೂ ಉಸಿರು ಹಿಡಿತಕ್ಕೆ ಬರಲಿಲ್ಲ, ಮಾತಾಡಲು ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಎಂದಾದರೆ ಕ್ಷಣವೂ ಯೋಚಿಸದೆ 112. ಆಂಬುಲೆನ್ಸಿಗೆ ಎಷ್ಟಾಗುತ್ತದೋ ಎಂಬ ಚಿಂತೆ ಅವಳಿಗೆ ಬರಲೇಬಾರದು. ಇಂಥ ತುರ್ತಿನಲ್ಲಿ ಅವಳು ಕೊಡಬೇಕಾದದ್ದು ಹೆಚ್ಚೆಂದರೆ 10 ಯೂರೋ. ಮನಸ್ಸಿನ ಕಷ್ಟಕ್ಕೂ ದಾರಿಯಿದೆ: ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸೇವಾ ಸಂಸ್ಥೆಗಳಲ್ಲಿ ಆಪ್ತಸಲಹೆ ಸಿಗುತ್ತದೆ. ಮೊದಲ ಚಳಿಗಾಲದಲ್ಲಿ, ನಾಲ್ಕೂವರೆಗೇ ಕತ್ತಲಾಗುವ ದಿನಗಳಲ್ಲಿ ಒಂಟಿತನ ಕಾಡಿದರೆ ಅಲ್ಲಿಗೆ ಹೋಗಲು ಹಿಂಜರಿಯುವುದು ಬೇಡ.

ಹೊರಡುವ ಮುನ್ನ ಶಿವಮೊಗ್ಗದ ನಿಮ್ಮ ಡಾಕ್ಟರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿ: ಕಾಯಿಲೆ ಯಾವಾಗಿನಿಂದ, ಯಾವ ಔಷಧಿ, ಎಷ್ಟು ಪ್ರಮಾಣ, ಅಲರ್ಜಿ ಏನಾದರೂ ಇದೆಯೇ. ಔಷಧಿಗೆ ಬ್ರ್ಯಾಂಡ್ ಹೆಸರು ಸಾಲದು. ಅಸ್ತಾಲಿನ್ ಎಂದರೆ ಅಲ್ಲಿನ ಔಷಧದಂಗಡಿಯವರಿಗೆ ಹೊಳೆಯದಿರಬಹುದು, ಸಾಲ್ಬುಟಮಾಲ್ ಎಂದರೆ ತಕ್ಷಣ ಗೊತ್ತಾಗುತ್ತದೆ. ಬೆಂಗಳೂರಿನ ಕಂಪನಿಯ ಡೋಲೋ 650 ನಮ್ಮಲ್ಲಿ ಮನೆಮಾತು, ಅಲ್ಲಿ ಪ್ಯಾರಸಿಟಮಾಲ್ ಎಂದೇ ಕೇಳಬೇಕು, ಅದೂ ಔಷಧದಂಗಡಿಯಲ್ಲಿ ಮಾತ್ರ. ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ಔಷಧಿ ಒಯ್ಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಇನ್‌ಹೇಲರನ್ನು ಚೆಕ್-ಇನ್ ಲಗೇಜಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಲಿ.

ಕೊನೆಯದಾಗಿ, ಈ ಉತ್ತರವನ್ನು ನಿಮ್ಮ ಮಗಳಿಗೂ ಓದಲು ಕೊಡಿ. ವಿಮೆಯ ಅರ್ಜಿಗೆ ಸಹಿ ಹಾಕುವವಳು ಅವಳು. ಅವಳ ಒಪ್ಪಿಗೆಯಿಲ್ಲದೆ ಅಲ್ಲಿನ ಡಾಕ್ಟರು ತಂದೆ ತಾಯಿಗೂ ಏನೂ ಹೇಳುವಂತಿಲ್ಲ. ನೀವು ಇಲ್ಲಿಂದ ಆಸ್ಪತ್ರೆಗೆ ಫೋನು ಮಾಡಿ ಕೇಳಿದರೂ ಮಾಹಿತಿ ಸಿಗದು. ಆದ್ದರಿಂದ ತುರ್ತಿನಲ್ಲಿ ಯಾರಿಗೆ ತಿಳಿಸಬೇಕು ಎಂಬುದನ್ನು ಅವಳೇ ಬರೆದು ಪರ್ಸಿನಲ್ಲಿಟ್ಟುಕೊಳ್ಳಲಿ, ಅಲ್ಲಿ ನಂಬಿಕಸ್ಥ ಗೆಳತಿಯೊಬ್ಬಳಿಗೆ ತನ್ನ ಉಬ್ಬಸದ ವಿಷಯ ಹೇಳಿಡಲಿ. ತನ್ನ ಕಾಯಿಲೆ, ತನ್ನ ಔಷಧಿ, ತನ್ನ ವಿಮೆ ಮೂರನ್ನೂ ತಾನೇ ಬಲ್ಲ ಹುಡುಗಿ ಪರದೇಶದಲ್ಲೂ ಧೈರ್ಯವಾಗಿ ಓದಬಲ್ಲಳು. ವಿಮೆಯ ಕಂತನ್ನು ಬಾಡಿಗೆ, ಊಟದಂತೆಯೇ ಓದಿನ ಖರ್ಚಿನಲ್ಲಿ ಸೇರಿಸಿ ಲೆಕ್ಕ ಹಾಕಿ, ಉಳಿತಾಯವನ್ನು ಬೇರೆ ಕಡೆ ಹುಡುಕಿ.