ಗೂಡುಪೆಟ್ಟಿಗೆಯ ಮಡಿವಾಳ ಹಕ್ಕಿ: ನಡವಳಿಕೆ ತಿಳಿಯುವ ಬಗೆ

ಮಾವು ಅಥವಾ ಸಪೋಟ ತೋಟದಲ್ಲಿ ಗೂಡುಪೆಟ್ಟಿಗೆ ಕಟ್ಟಿದವರು, ನಾಲ್ಕು ದಿನ ಹಕ್ಕಿ ಕಾಣದಿದ್ದರೆ ಅದು ಗೂಡು ಬಿಟ್ಟಿತೆಂದು ಭಾವಿಸಿ ಪೆಟ್ಟಿಗೆ ಇಳಿಸಿ ಕೊಡವಿಬಿಡುವುದುಂಟು. ಆಗ ಒಳಗೆ ಮೊಟ್ಟೆಗಳಿದ್ದರೆ ಎಲ್ಲವೂ ಹಾಳು. ಮುಚ್ಚಳ ತೆರೆಯದೆಯೇ ಒಳಗಿನ ಸ್ಥಿತಿಯನ್ನು ತಿಳಿಯಬಹುದು. ಹಕ್ಕಿ ಏನನ್ನು ಒಳಗೆ ಒಯ್ಯುತ್ತದೆ, ಏನನ್ನು ಹೊರಗೆ ತರುತ್ತದೆ ಎಂಬುದನ್ನು ಮೂವತ್ತು ಹೆಜ್ಜೆ ದೂರದಿಂದ ಗಮನಿಸಿದರೆ ಸಾಕು.

ಮಡಿವಾಳ ಹಕ್ಕಿ ಹೆಚ್ಚಾಗಿ ಮಾರ್ಚ್‌ನಿಂದ ಜುಲೈವರೆಗೆ ಮರಿ ಮಾಡುತ್ತದೆ. ಗಂಡು ಹೊಳೆಯುವ ಕಪ್ಪು ಬಿಳುಪು. ಹೆಣ್ಣಿಗೆ ಕಪ್ಪಿನ ಜಾಗದಲ್ಲಿ ಬೂದು. ಹೆಣ್ಣು ಬೇರು, ನಾರು, ಒಣಹುಲ್ಲು ಕಚ್ಚಿ ತರುತ್ತಿದ್ದರೆ ಗೂಡಿನ ಕೆಲಸ ನಡೆದಿದೆಯೆಂದು ತಿಳಿಯಿರಿ. ಆಮೇಲೆ ಬರುವ ಮೌನದ ದಿನಗಳೇ ರೈತರನ್ನು ದಾರಿ ತಪ್ಪಿಸುವುದು. ಮೊಟ್ಟೆಗಳು ಸಾಮಾನ್ಯವಾಗಿ 4–5, ದಿನಕ್ಕೊಂದರಂತೆ ಇಡುತ್ತದೆ. ನಂತರ ಸುಮಾರು 12 ದಿನ ಕಾವು. ಕಾವು ಕೊಡುವುದು ಹೆಣ್ಣು ಮಾತ್ರ. ಗಂಡು ಮರದ ತುದಿಯಲ್ಲಿ ಹಾಡುತ್ತಿದ್ದು, ಹೆಣ್ಣು ಆಗಾಗ ಹೊರಬಂದು ಬೇಗನೆ ಒಳಸೇರಿದರೆ ಎಲ್ಲವೂ ಸರಿಯಾಗಿದೆ. ಏನೂ ಕಾಣದಿದ್ದರೂ ಮೂರು ವಾರ ಪೆಟ್ಟಿಗೆ ಮುಟ್ಟಬೇಡಿ.

ಗಂಡು ಹೆಣ್ಣು ಎರಡೂ ಹುಳು ತರಲಾರಂಭಿಸಿದ ದಿನ ಮೊಟ್ಟೆ ಒಡೆದಿದೆ. ಹೊರಬರುವಾಗ ಕೊಕ್ಕಿನಲ್ಲಿರುವ ಬಿಳಿ ಉಂಡೆ ಮರಿಗಳ ಹಿಕ್ಕೆ; ಮರಿಗಳು ಚೆನ್ನಾಗಿ ತಿನ್ನುತ್ತಿವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಹುಳು ಕಚ್ಚಿಕೊಂಡೇ ಕೊಂಬೆಯ ಮೇಲೆ ಬಾಲ ಎತ್ತಿ ಕುಣಿಸುತ್ತ, ಒಳಹೋಗದೆ ಕರ್ಕಶವಾಗಿ ಕೂಗಿದರೆ ಹಕ್ಕಿಗೆ ನಿಮ್ಮದೇ ಭಯ. ಹಿಂದೆ ಸರಿಯಿರಿ. ನೀವು ಸರಿದ ಮೇಲೂ ಕೂಗು ನಿಲ್ಲದಿದ್ದರೆ ಬುಡದಲ್ಲಿ ಬೆಕ್ಕು, ಕೊಂಬೆಯಲ್ಲಿ ಹಾವು ಇದೆಯೇ ನೋಡಿ.

ಆ ದಿನದಿಂದ ಸುಮಾರು ಎರಡು ವಾರ ಸಿಂಪರಣೆಯನ್ನು ಸಾಧ್ಯವಾದಷ್ಟು ಮುಂದೂಡತಕ್ಕದ್ದು. ವಿಷ ತಗುಲಿ ಸೋತ ಹುಳು ಹಿಡಿಯಲು ಸುಲಭ. ತಾಯ್ತಂದೆ ಅದನ್ನೇ ಮರಿಗೆ ಉಣಿಸುತ್ತವೆ. ಪೀಡೆ ಮಿತಿಮೀರಿ ಸಿಂಪರಣೆ ಅನಿವಾರ್ಯವಾದರೆ ಪೆಟ್ಟಿಗೆಯಿರುವ ಮರವನ್ನೂ ಸುತ್ತಲ ಮರಗಳನ್ನೂ ಬಿಡಿ. ಒಂದು ಜೋಡಿ ಹಕ್ಕಿ ತೋಟದ ಪೀಡೆಯನ್ನೆಲ್ಲ ತೊಡೆದುಹಾಕುತ್ತದೆಂದು ನಾನು ಹೇಳಲಾರೆ. ಆದರೆ ಮರಿಗಳಿರುವಾಗ ಅವು ಬೆಳಗಿನಿಂದ ಸಂಜೆಯವರೆಗೆ ಹುಳು ಆರಿಸುವುದನ್ನು ನೀವೇ ಕಾಣುವಿರಿ.

ಮೋಟುಬಾಲದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಅನಾಥವಲ್ಲ, ಎತ್ತಿಕೊಳ್ಳಬೇಡಿ. ನಾಯಿಯನ್ನು ಕಟ್ಟಿಹಾಕಿ. ಪೆಟ್ಟಿಗೆಯ ಹಳೆಯ ಗೂಡನ್ನು ಮಳೆಗಾಲ ಮುಗಿದ ಮೇಲೆ ತೆಗೆದು, ಬಿಸಿನೀರಿನಲ್ಲಿ ತೊಳೆದು ಒಣಗಿಸಿರಿ.